ಉಳ್ಳಾಗಡ್ಡಿ ಬರೆಯಬಲ್ಲ ಪೆನ್ನು

ನನ್ನ ಹೆಬ್ಬೆರಳಿಗೆ ಮಸಿ ಹತ್ತಿದೆ. ಮೂಸಿದರೆ ಶಾಲೆಯ ದಿನಗಳು ನೆನಪಾದವು ಎಂದು ಬರೆಯಬಹುದಿತ್ತು. ಆದರೆ ನಾನು ಶಾಲೆಗೆ ಹೋದದ್ದೇ ಕಡಿಮೆ, ಅಲ್ಲಿ ಮೂಸಿದ್ದು ಇನ್ನೂ ಕಡಿಮೆ. ನನಗೆ ನೆನಪಾಗುವುದು ನಮ್ಮ ಅಡುಗೆಮನೆ. ಮಸಿಯ ವಾಸನೆ, ಅದರ ಬೆನ್ನಿಗೇ ಒಂದಿಷ್ಟು ಬೆಳ್ಳುಳ್ಳಿ.

ಕಾತ್ರಜದ ನಮ್ಮ ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದೇನೆ. ಕೆಳಗೆ ಸಾತಾರಾ ಕಡೆಯ ಬಸ್ಸುಗಳು ಹಾರ್ನ್ ಹೊಡೆಯುತ್ತಿವೆ. ಮನೆ ಬಿಟ್ಟು ಮೆಟ್ಟಿಲ ಮೇಲೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಮೊದಲು ಪೆನ್ನಿನ ಮಾತು.

ನನ್ನ ಹೆಂಡತಿ ಕಸ್ತೂರಿ ಬೆಳಿಗ್ಗೆ ಏಳಕ್ಕೇ ಖರಾಡಿಯ ಬಸ್ಸು ಹಿಡಿಯುತ್ತಿದ್ದಳು. ಅಲ್ಲಿ ಆಫೀಸಿಗೆ ಹೋಗುವವರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ನನ್ನ ಸೀರೆ ಅಂಗಡಿ ತೆರೆಯುವುದು ಹತ್ತಕ್ಕೆ. ನಾನು ಏಳುವ ಹೊತ್ತಿಗೆ ಮನೆಯಲ್ಲಿ ಅವಳಿರುತ್ತಿರಲಿಲ್ಲ, ಅವಳ ಚೀಟಿಗಳಿರುತ್ತಿದ್ದವು. ಅಂಗಡಿಯಲ್ಲಿ ಉಳಿದ ಜಾಹೀರಾತು ಹಾಳೆಗಳನ್ನು ನಾನು ತರುತ್ತಿದ್ದೆ. ಅವುಗಳ ಬೆನ್ನಿಗೆ ಅವಳು ಬರೆಯುತ್ತಿದ್ದಳು. ಕುಕ್ಕರಿನ ಮೇಲೆ: ‘ಮೂರು ಸೀಟಿ. ನಾಲ್ಕಲ್ಲ.’ ಹಾಲಿನ ಪಾತ್ರೆಗೆ: ‘ನೋಡ್ಕೋತ ನಿಂದ್ರಬ್ಯಾಡ್ರಿ, ಆರಿಸ್ರಿ.’ ಬಾಗಿಲ ಒಳಬದಿಗೆ ದಿನವೂ ಒಂದು: ‘ಚಾವಿ ತಗೊಂಡ್ರೇನ್ರಿ?’

“ಇದನ್ನ ಒಮ್ಮೆ ಬರದು ಕಾಯಂ ಅಂಟಿಸಿಬಿಡಬಾರದೇನ?” ಎಂದಿದ್ದೆ.

“ಕಾಯಂ ಇದ್ದದ್ದನ್ನ ನೀವು ಎಲ್ಲಿ ಓದ್ತೀರಿ? ಹೋದ ವರ್ಷದ ಕ್ಯಾಲೆಂಡರ್ ಆದಂಗ ಆಗ್ತದ.”

ಸಂಜೆ ಅದೇ ಚೀಟಿಗಳ ಮೇಲೆ ಬೆಳ್ಳುಳ್ಳಿ ಸುಲಿದು, ಸಿಪ್ಪೆಯ ಸಮೇತ ಮುದುಡಿ ಎಸೆಯುತ್ತಿದ್ದಳು.

ಬಾಲ್‌ಪೆನ್ ಒತ್ತಿ ಒತ್ತಿ ಬೆರಳು ನೋಯುತ್ತವೆ ಎಂದು ಅವಳದು ಶುರುವಾಯಿತು. ಯಾರೋ ಮಸಿಪೆನ್ನು ಒಳ್ಳೆಯದು ಎಂದರು. ಹೀಗೆ ನಾವು ಒಂದು ಶನಿವಾರ ಸದಾಶಿವ ಪೇಠೆಗೆ ಹೋದೆವು. ಅಲ್ಲಿ ಹಳೆಯ ವಾಡೆಯೊಂದರ ಮೆಟ್ಟಿಲ ಕೆಳಗೆ ಪೆನ್ನು ರಿಪೇರಿ ಮಾಡುವ ಒಬ್ಬ ಕಾಕಾ ಕೂಡುತ್ತಾರೆ. ಅವರ ತಾಯಿಯ ತವರು ಬೆಳಗಾವಿ. ನಮ್ಮ ಮಾತು ಕಿವಿಗೆ ಬಿದ್ದರೆ ಮರಾಠಿ ಬಿಟ್ಟು ಕನ್ನಡಕ್ಕೆ ಬರುತ್ತಾರೆ.

ಕಸ್ತೂರಿಯ ಕಣ್ಣು ಸೀದಾ ಗಾಜಿನ ಪೆಟ್ಟಿಗೆಯೊಳಗಿನ ಕಪ್ಪು ಪೆನ್ನಿನ ಮೇಲೆ ಬಿತ್ತು. ಚಿನ್ನದ ನಿಬ್ಬು, ಪರದೇಶದ್ದು. ಬೆಲೆ ಕೇಳಿ ನನಗೆ ನೀರಡಿಕೆಯಾಯಿತು.

“ಒಬ್ಬ ದೊಡ್ಡ ಸಾಹೇಬ್ರು ವಾಪರಿಸಿದ್ದು, ವಹಿನಿ. ಬರೇ ಸಹಿ ಮಾಡ್ಯಾರ, ಬ್ಯಾರೆ ಏನೂ ಬರದಿಲ್ಲ. ನೀವೂ ಒಂದು ಸಹಿ ಹಾಕಿ ನೋಡ್ರಿ.”

“ನನ್ನ ಸಹಿ ಯಾರಿಗೆ ಬೇಕಾಗೇದ ಕಾಕಾ?” ಎಂದು ಅವಳು ಜಾಹೀರಾತಿನ ಬೆನ್ನಿಗೆ ‘ಉಳ್ಳಾಗಡ್ಡಿ’ ಎಂದು ಬರೆದಳು. ಸಹಿಗೆಂದೇ ಮಾಡಿದ ದಪ್ಪ ನಿಬ್ಬು. ಎರಡೂ ಒತ್ತಕ್ಷರ ಮಸಿಯಲ್ಲಿ ಮುಳುಗಿ ಹೋದವು. ಅವಳು ಹಾಳೆಯನ್ನು ಕಾಕಾನ ಮೂಗಿನ ಹತ್ತಿರ ಹಿಡಿದಳು. “ಇದು ಉಳ್ಳಾಗಡ್ಡಿ ಅಲ್ರಿ, ಇರುವಿ ಗೂಡು.”

ಸಾಹೇಬರ ಪೆನ್ನಿಗೆ ಅಷ್ಟು ಅವಮಾನ ಹಿಂದೆಂದೂ ಆಗಿರಲಿಕ್ಕಿಲ್ಲ. ಕಾಕಾ ಒಂದು ವಾರ ಕೇಳಿಕೊಂಡು ನಿಬ್ಬನ್ನು ಉಜ್ಜಿ ಸಣ್ಣದು ಮಾಡಿದರು. ಎರಡನೇ ಶನಿವಾರ ‘ಡ್ಡಿ’ಯ ಒತ್ತು ತಲೆ ಎತ್ತಿತು, ‘ಳ್ಳಾ’ ಇನ್ನೂ ಮಬ್ಬು. ಮೂರನೆಯ ಶನಿವಾರ ಎರಡೂ ಸರಿಯಾದವು. ಆಗ ಅವಳು ಪೆನ್ನಿಗೆ ಮುಚ್ಚಳ ಹಾಕಿ, ತಲೆಯ ಗಂಟಿಗೆ ಸಿಗಿಸಿ, ಒಂದು ಸುತ್ತು ತಿರುಗಿದಳು.

ಕಾಕಾ ಎದ್ದೇ ನಿಂತರು. “ವಹಿನಿ, ಅದು ಪರದೇಶದ್ದು.”

“ಕೂದಲ ಈ ದೇಶದ್ವು. ಜಾರ್ತದೇನಂತ ನೋಡಬ್ಯಾಡೇನ್ರಿ? ರೊಟ್ಟಿ ಬಡಿಯೂ ಮುಂದ ನಾ ಪೆನ್ ಎಲ್ಲಿ ಇಡ್ಲಿ?”

ಅಷ್ಟಕ್ಕೂ ಬಿಡಲಿಲ್ಲ. ಒಂದು ವಾರ ಮಸಿ ತುಂಬಿ ಮುಟ್ಟದೆ ಇಡಬೇಕು, ಮುಂದಿನ ಶನಿವಾರ ಮೊದಲನೆಯ ಗೀಟಿಗೇ ಬರೆಯಬೇಕು ಎಂದು ಕಟ್ಟಳೆ ಹಾಕಿದಳು. ದಾರಿಯಲ್ಲಿ ನಾನು ಕೇಳಿದೆ: “ಲಗ್ನಕ್ಕ ಮುಂಚೆ ನನ್ನ ಹಿಂಗ್ಯಾಕ ಪರೀಕ್ಷಾ ಮಾಡಲಿಲ್ಲ?”

“ಮಾಡಿದ್ರ ನೀವೆಲ್ಲಿ ಪಾಸ್ ಆಗ್ತಿದ್ರಿ? ನಿಮಗ ಮೂರು ಸಲ ಜಾಡಿಸಿದ್ರ ಒಂದು ಮಾತು ಹೊರಗ ಬರ್ತದ.”

ಪೆನ್ನು ಪಾಸಾಯಿತು. ತನ್ನದೇ ದುಡ್ಡು ಕೊಟ್ಟು ಮನೆಗೆ ತಂದಳು. ದೊಡ್ಡ ದೊಡ್ಡ ಕಾಗದಗಳಿಗೆ ಸಹಿ ಹಾಕಿದ್ದ ಪೆನ್ನು ನಮ್ಮ ಮನೆಯಲ್ಲಿ ‘ಹಿಟ್ಟು ಮುಗದದ’ ಎಂದು ಬರೆಯತೊಡಗಿತು. ಅದಕ್ಕೇನೂ ಬೇಸರವಾದಂತೆ ಕಾಣಲಿಲ್ಲ.

ಕಸ್ತೂರಿ ತೀರಿಹೋಗಿ, ಬರುವ ದಸರೆಗೆ ಒಂದು ವರ್ಷ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮನೆಯೆಲ್ಲ ಹುಡುಕಿದೆ. ಅವಳ ಕೈಬರಹದ ಒಂದು ಚೀಟಿಯೂ ಸಿಗಲಿಲ್ಲ. ಅಷ್ಟು ವರ್ಷಗಳ ಚೀಟಿಗಳೆಲ್ಲ ಬೆಳ್ಳುಳ್ಳಿ ಸಿಪ್ಪೆಯ ಜೊತೆ ಹೋಗಿದ್ದವು. ಉಳಿದದ್ದು ಪೆನ್ನು, ಅದರೊಳಗೆ ಅವಳು ಕೊನೆಯ ಸಲ ತುಂಬಿದ ಮಸಿ. ಅದು ಒಣಗುತ್ತಿದೆ ಎಂದು ಗೊತ್ತಿತ್ತು. ಬರೆದರೆ ಮುಗಿಯುತ್ತದೆ, ಬರೆಯದಿದ್ದರೆ ಒಣಗುತ್ತದೆ. ಸೀರೆ ಮಡಿಸುವ ನನ್ನಂಥವನಿಗೆ ಇದನ್ನು ಹೇಗೆ ಮಡಿಸಬೇಕು ಎಂದು ತಿಳಿಯಲಿಲ್ಲ. ಸುಮ್ಮನೆ ಲೋಟದಲ್ಲಿ ನಿಲ್ಲಿಸಿಬಿಟ್ಟೆ. ಜಾಹೀರಾತು ಹಾಳೆಗಳನ್ನು ಮಾತ್ರ ಅಭ್ಯಾಸಬಲದಿಂದ ಈಗಲೂ ತರುತ್ತೇನೆ.

ನಿನ್ನೆ ಅದನ್ನು ಕಾಕಾನ ಹತ್ತಿರ ಒಯ್ದೆ. ಅವರು ಪೆನ್ನು ನೋಡಿ ನನ್ನ ಹಿಂದೆ ನೋಡಿದರು, ಅವಳು ಬಂದಿರಬಹುದೆಂದು. ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು.

“ತೊಳೀಬೇಕ್ರಿ. ಇಲ್ಲಾಂದ್ರ ಮಸಿ ಒಳಗ ಗಟ್ಟಿಯಾಗಿ ಕೂಡ್ತದ, ಪೆನ್ ಕೆಡ್ತದ.”

“ತೊಳದ್ರ ಆಕಿ ಮಸಿ ಹೋಗ್ತದಲ್ರಿ.”

ಕಾಕಾ ನಿಬ್ಬಿನ ತುದಿಯನ್ನು ನೀರಿನಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತಿಗೆ ಸೀಳಿನಲ್ಲಿ ನೀಲಿ ಇಣುಕಿತು. “ಇನ್ನೂ ಜೀವ ಅದ. ಒಂದು ಚೀಟಿಗೆ ಸಾಕು. ಅದನ್ನ ಬರದು ಮುಗಿಸ್ರಿ. ಆಮ್ಯಾಲೆ ತೊಳದು ಹೊಸಾದು ತುಂಬ್ರಿ. ಗಾಜಿನ ಪೆಟಗ್ಯಾಗ ಇಡಾಕ ವಹಿನಿ ಇದನ್ನ ನಾಲ್ಕು ಶನಿವಾರ ಪರೀಕ್ಷಾ ಮಾಡಲಿಲ್ಲ.”

ಒಂದು ಚೀಟಿಯಲ್ಲಿ ಏನು ಬರೆಯುವುದು? ಬಸ್ಸಿನಲ್ಲಿ ಬರುವಾಗ ದೊಡ್ಡ ದೊಡ್ಡ ಮಾತುಗಳು ಹೊಳೆದವು. ಯಾವುದೂ ನನ್ನವು ಎನಿಸಲಿಲ್ಲ. ಇವತ್ತು ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಕುಳಿತು, ಅವಳು ದಿನವೂ ಕೇಳಿ ನಾನು ಒಮ್ಮೆಯೂ ಉತ್ತರ ಬರೆಯದ ಪ್ರಶ್ನೆಗೆ ಉತ್ತರ ಬರೆದೆ: ‘ಚಾವಿ ತಗೊಂಡೀನಿ.’ ಅಕ್ಷರ ತೀರ ತಿಳಿಯಾಗಿ, ಆಕಾಶದ ಬಣ್ಣಕ್ಕೆ ಬಂದವು. ‘ನಿ’ಯ ಹೊತ್ತಿಗೆ ಮಸಿ ಮುಗಿಯಿತು. ಬಾಗಿಲ ಒಳಬದಿಗೆ, ಅವಳು ಅಂಟಿಸುತ್ತಿದ್ದ ಜಾಗದಲ್ಲೇ ಅಂಟಿಸಿದೆ. ಪೆನ್ನು ತೊಳೆದೆ. ಮೂರನೆಯ ಬಟ್ಟಲಿಗೆ ನೀರು ಸ್ವಚ್ಛವಾಯಿತು. ಆ ನೀರನ್ನು ಬಚ್ಚಲಿಗೆ ಚೆಲ್ಲಲು ಮನಸ್ಸಾಗದೆ ಅವಳ ಕರಿಬೇವಿನ ಕುಂಡಕ್ಕೆ ಹಾಕಿದೆ. ಒಗ್ಗರಣೆ ನೀಲಿಯಾದರೆ ಆಗಲಿ. ಹೊಸ ಮಸಿ ತುಂಬುವಾಗ ಹೆಬ್ಬೆರಳಿಗೆ ಹತ್ತಿತು. ಪೆನ್ನು ಜೇಬಿಗಿಟ್ಟು, ಚೀಲ ಹಿಡಿದು, ಎದೆ ಒಂದಿಷ್ಟು ಹಗುರಾಗಿ ಹೊರಬಂದು ಬಾಗಿಲು ಎಳೆದೆ.

ಬಾಗಿಲು ತಾನಾಗಿಯೇ ಲಾಕ್ ಆಗುವ ಜಾತಿಯದು. ಚಾವಿ ಒಳಗೆ, ಆ ಚೀಟಿಯ ಕೆಳಗಿನ ಮೊಳೆಗೇ ತೂಗುತ್ತಿದೆ.

ಇನ್ನೊಂದು ಚಾವಿ ಎದುರು ಮನೆಯ ಶಿಂದೆ ಕಾಕೂ ಹತ್ತಿರ ಇರುತ್ತದೆ. ಅವರು ತರಕಾರಿ ತರಲು ಭಾಜಿ ಮಂಡಿಗೆ ಹೋಗಿದ್ದಾರೆ. ಹೀಗಾಗಿ ಮೆಟ್ಟಿಲು, ಚೀಲದಲ್ಲಿದ್ದ ಜಾಹೀರಾತು ಹಾಳೆ, ಮತ್ತು ಇದೆಲ್ಲ. ಒಬ್ಬನೇ ಕುಳಿತು ನಕ್ಕೆ ಎಂದರೆ ನಂಬಿ. ಹತ್ತು ತಿಂಗಳ ನಂತರ ನಕ್ಕಿದ್ದರಿಂದ ಸದ್ದು ಸ್ವಲ್ಪ ವಿಚಿತ್ರವಾಗಿ ಬಂತು. ಕೆಳಗಿನ ಮಹಡಿಯವರು ಬಾಗಿಲು ತೆರೆದು ನೋಡಿದರು.

ಪೆನ್ನಿನ ಬಗ್ಗೆ ನನ್ನ ತೀರ್ಪು: ತೊಡೆಯ ಮೇಲೂ ಬರೆಯುತ್ತದೆ, ಅಗ್ಗದ ಹಾಳೆಯಲ್ಲೂ ಹರಡುವುದಿಲ್ಲ. ಬೆರಳು ನೋಯಲಿಲ್ಲ. ದಿನಬಳಕೆಗೆ ಅಡ್ಡಿಯಿಲ್ಲ.

ಕಾಕೂ ಮೆಟ್ಟಿಲು ಹತ್ತುತ್ತಿದ್ದಾರೆ. ಚೀಲದಿಂದ ಉಳ್ಳಾಗಡ್ಡಿಯ ಹಸಿರು ತಪ್ಪಲು ಇಣುಕುತ್ತಿದೆ. ನನ್ನನ್ನು ನೋಡಿ ಅರ್ಧದಲ್ಲೇ ನಿಂತು, “ಕಾಯ್ ಭಾವೂಜಿ, ಪರತ್ ಚಾವಿ?” ಎಂದು, ಮತ್ತೆ ಚಾವಿಯೇ ಎಂದು, ಮರಾಠಿಯಲ್ಲಿ ಕೇಳುತ್ತಿದ್ದಾರೆ. ಬಾಗಿಲು ತೆರೆದ ಕೂಡಲೇ ನನಗೆ ಒಂದು ಕೆಲಸವಿದೆ. ಆ ತಿಳಿನೀಲಿ ಸಾಲಿನ ಕೆಳಗೆ ಈ ಹೊಸ ಕಡುನೀಲಿಯಲ್ಲಿ ಬರೆಯಬೇಕು:

‘ಸುಳ್ಳು. ಒಳಗ ಬಿಟ್ಟಿದ್ದೆ. ನಾಳೆ ಮತ್ತ ಕೇಳು.’