ಹದಿನೆಂಟಕ್ಕೆ ಏರದ ಮುಳ್ಳು

ನಮ್ಮವರನ್ನು ಪೇಟೆಯವರೆಲ್ಲ ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಹಳೇ ಕಾರು ಅವರ ರಿಪೇರಿ ಶೆಡ್ಡಿನ ಗೇಟು ದಾಟುವಷ್ಟರಲ್ಲೇ ಸದ್ದು ಕೇಳಿ ಅದರ ಕಾಯಿಲೆ ಹೇಳಿಬಿಡುತ್ತಾರೆ ಎಂಬ ಖ್ಯಾತಿ. ಖ್ಯಾತಿಗೇನು ಬಂತು, ಊಟಕ್ಕೆ ಕೂತಾಗ "ಇನ್ನೊಂದು ಸ್ವಲ್ಪ ಬಡಿಸಲಾ?" ಎಂದರೆ ಗೋಡೆ ನೋಡುತ್ತಿದ್ದರು. ನಮ್ಮ ಟೀವಿ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕಿವಿ ತೋರಿಸಿಕೊಂಡು ಬರೋಣ ಎಂದರೆ, "ನೀನು ಮೆತ್ತಗೆ ಮಾತಾಡ್ತೀಯ, ಅದಕ್ಕೆ ನನ್ನ ಕಿವಿ ಏನ್ಮಾಡುತ್ತೆ?" ಎಂದು ನನ್ನ ಮೇಲೇ ಹಾರಾಡುತ್ತಿದ್ದರು. ನಾನು ಮೆತ್ತಗೆ ಮಾತಾಡುವವಳಂತೆ! ನನ್ನ ತವರಿನವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಶೆಡ್ಡಿನಲ್ಲಿ ಅವರ ಜೊತೆಗಿದ್ದವನು ನನ್ನ ಮೈದುನ. ಸ್ಪ್ಯಾನರ್ ಹಿಡಿಯುವುದನ್ನೂ ಅಣ್ಣನಿಂದಲೇ ಕಲಿತವನು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ.

ಆ ಸಲ ವಕೀಲರೊಬ್ಬರು ತಮ್ಮ ತಂದೆಯ ಕಾಲದ ಕಾರು ತಂದರು. ಡ್ಯಾಶ್‌ಬೋರ್ಡಿಗೆ ವ್ಯಾಕ್ಯೂಮ್ ಗೇಜ್ ಕೂರಿಸಬೇಕಿತ್ತು. ಇಂಜಿನ್ ಎಷ್ಟು ಬಲವಾಗಿ ಗಾಳಿ ಎಳೆಯುತ್ತಿದೆ ಎಂದು ಮುಳ್ಳಿನಲ್ಲಿ ತೋರಿಸುವ ಸಾಮಾನು ಅದು. ನಮ್ಮವರು ಇಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿಗೆ ತೂತು ಕೊರೆದು, ಪೈಪ್ ಸಿಕ್ಕಿಸುವ ನಿಪ್ಪಲ್ ತಿರುಗಿಸಿ, ಅಲ್ಲಿಂದ ರಬ್ಬರ್ ಪೈಪ್ ಎಳೆದು ಗೇಜಿಗೆ ಸೇರಿಸಿದರು. ಇಂಜಿನ್ ಚೆನ್ನಾಗಿದ್ದರೆ ಮುಳ್ಳು ಹದಿನೆಂಟರ ಹತ್ತಿರ ಅಲುಗಾಡದೆ ನಿಲ್ಲಬೇಕಂತೆ. ಅದು ಹನ್ನೆರಡರಲ್ಲೇ ನಿಂತುಬಿಟ್ಟಿತು.

ರಾತ್ರಿ ಊಟಕ್ಕೆ ಕೂತಾಗ ನನಗೆ ಇದೆಲ್ಲ ಪಾಠವಾಯಿತು. "ಗಾಳಿ ಸೋರ್ತಿದ್ರೆ ಸುಯ್ ಅನ್ನಬೇಕು. ಅಂದಿದ್ರೆ ನನಗೆ ಕೇಳಿಸ್ತಿತ್ತು. ಕೇಳಿಸ್ಲಿಲ್ಲ, ಅಂದ್ಮೇಲೆ ಸೋರ್ತಿಲ್ಲ," ಎಂದರು. ಮರುದಿನ ಇಗ್ನಿಷನ್ ಟೈಮಿಂಗ್ ತಿರುಗಿಸಿದರು. ಮುಳ್ಳು ಏರಲಿಲ್ಲ. ಹೆಡ್ ಬಿಚ್ಚಿ ವಾಲ್ವುಗಳನ್ನೆಲ್ಲ ಉಜ್ಜಿ ಕೂರಿಸಿದರು. ಆಗಲೂ ಇಲ್ಲ. ಮೈದುನ ಕೇಳಿದ ಸಾಮಾನು ಕೈಗೆ ಕೊಡುತ್ತ, "ಹೌದಣ್ಣ, ವಾಲ್ವೇ ಇರ್ಬೇಕು" ಎಂದು ತಲೆಯಾಡಿಸುತ್ತಿದ್ದನಂತೆ. ಇವರು ಮನೆಗೆ ಬಂದು ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದರು. ಇಷ್ಟು ವರ್ಷದ ಹೆಸರು ಒಂದು ಮುಳ್ಳಿಗೆ ಜೋತುಬಿದ್ದಿತ್ತು.

ಒಂದು ಬೆಳಿಗ್ಗೆ ಊಟದ ಕ್ಯಾರಿಯರ್ ಮರೆತುಹೋದರು. ಮಧ್ಯಾಹ್ನ ನಾನೇ ತೆಗೆದುಕೊಂಡು ಹೋದೆ. ಇಂಜಿನ್ ಓಡುತ್ತಿತ್ತು, ನಮ್ಮವರು ಬಾನೆಟ್ಟಿನೊಳಗೆ ಬಗ್ಗಿದ್ದರು. ಹತ್ತಿರ ಹೋಗುತ್ತಿದ್ದಂತೆ ನನಗೇ ಕೇಳಿಸಿತು.

"ಅದೇನೋ ಸುಯ್ ಅಂತಿದೆಯಲ್ಲೋ?" ಎಂದು ಮೈದುನನನ್ನು ಕೇಳಿದೆ.

"ಸುಮ್ನಿರಿ ಅತ್ತಿಗೆ. ವಕೀಲರು ಬರ್ತಿದಾರೆ," ಎಂದ.

ವಕೀಲರು ಬಂದರು. ಅಕ್ಕಪಕ್ಕದ ಅಂಗಡಿಯವರೂ ಇಣುಕಿದರು. ಆಗ ಮೈದುನ ಮುಂದೆ ಬಂದು, ಪೈಪಿನ ಬುಡದಲ್ಲಿದ್ದ ಸೀಳಿನ ಮೇಲೆ ಹೆಬ್ಬೆರಳು ಒತ್ತಿದ. ಸದ್ದು ನಿಂತಿತು. ಮುಳ್ಳು ನೆಟ್ಟಗೆ ಹದಿನೆಂಟಕ್ಕೆ ಹೋಯಿತು.

"ಪೈಪ್ ಸೀಳಿದೆ ಅಣ್ಣ! ಮೊದ್ಲಿಂದ ಸುಯ್ ಅಂತಾನೇ ಇತ್ತಲ್ಲ, ಕೇಳಿಸ್ಲಿಲ್ವಾ?" ಎಂದು ಬೇಕೆಂತಲೇ ಕಿರುಚಿದ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮವರ ಕಥೆ. ಆದರೆ ಕೂಸು ಎಲ್ಲಿದೆ ಎಂದು ಗೊತ್ತಿದ್ದೂ ಹುಡುಕಲು ಬಿಟ್ಟವನನ್ನು ಏನೆನ್ನಬೇಕು? ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈಯಲ್ಲಿ ಕ್ಯಾರಿಯರ್ ಇತ್ತು.

ವಕೀಲರು ನಮ್ಮವರ ಭುಜ ಮುಟ್ಟಿ, "ಇನ್ಮೇಲೆ ನನ್ನ ಗಾಡಿ ನಿಮ್ಮ ತಮ್ಮನೇ ನೋಡ್ಕೊಳ್ಳಲಿ ಮೇಸ್ತ್ರಿ. ನೀವು ಸ್ವಲ್ಪ ಸುಧಾರಿಸ್ಕೊಳ್ಳಿ," ಎಂದರು. ಒಳ್ಳೆಯ ಮನುಷ್ಯ. ನೋವಾಗದಿರಲಿ ಎಂದು ದನಿ ತಗ್ಗಿಸಿದ್ದರು.

ನಮ್ಮವರು ಅವರ ತುಟಿ ನೋಡಿದರು, ತಮ್ಮನನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ಏನಂತೆ ಕಣೇ?"

ಮೈದುನ ಬನಿಯನ್ ಚಿಂದಿಯಲ್ಲಿ ಕೈ ಒರೆಸುತ್ತ ಬೇರೆಲ್ಲೋ ನೋಡುತ್ತಿದ್ದ. ಹೇಳುವವರು ಇನ್ಯಾರೂ ಇರಲಿಲ್ಲ. ನಾನು ಅವರ ಪಕ್ಕಕ್ಕೆ ಹೋಗಿ, ವಕೀಲರ ಮಾತನ್ನು ಮನೆಯಲ್ಲಿ ಕೂಗುವ ಹಾಗೇ ಕೂಗಿ ಹೇಳಿದೆ. ಎದುರು ಅಂಗಡಿಯವನು ಕೂಡ ತಲೆಯೆತ್ತಿ ನೋಡಿದ.

ಅವರು ಇನ್ನಷ್ಟು ಹತ್ತಿರ ಬಗ್ಗಿ, "ಇನ್ನೊಂದ್ಸಲ ಹೇಳು," ಎಂದರು.