ಏಳನೆಯ ಕಾಲಂ

ಪ್ರಬಂಧ ಬರೆಯುವ ಹುಡುಗ ಹುಡುಗಿಯರು ಈಗಲೂ ನನ್ನ ಬಳಿ ಬರುತ್ತಾರೆ. "ಅಂಕಿಅಂಶದ ಕೆಲಸಕ್ಕೆ ಏನಾದರೂ ಕಿವಿಮಾತು ಹೇಳಿ ಟೀಚರ್" ಅನ್ನುತ್ತಾರೆ. ಹೇಳುತ್ತೇನೆ, ಆದರೆ ಬೆಣ್ಣೆ ಹಚ್ಚಿ ಹೇಳುವುದು ನನಗೆ ಬರುವುದಿಲ್ಲ. ನನ್ನ ಕಿವಿಮಾತೆಲ್ಲ ಎಪ್ಪತ್ತರ ದಶಕದ ಶುರುವಿನಲ್ಲಿ, ಊಟಿಯ ಒಂದು ಕಾಲೇಜಿನಲ್ಲಿ ಎಂ.ಲಿಟ್. ಪದವಿಗೆಂದು ಪ್ರಬಂಧ ಬರೆಯುವಾಗ ಸಿಟ್ಟು ಮಾಡಿಕೊಂಡೇ ಕಲಿತದ್ದು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಕಾಲೇಜಿನಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಒಂದಿತ್ತು. ಹಿಡಿಯನ್ನು ಮುಂದಕ್ಕೆ ತಿರುಗಿಸಿದರೆ ಕೂಡುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತಿತ್ತು, ಭಾಗಾಕಾರದಲ್ಲಿ ಒಂದು ಸುತ್ತು ಹೆಚ್ಚಾದರೆ ಗಂಟೆ ಬಾರಿಸುತ್ತಿತ್ತು. ಅದರಿಂದ ಕಲಿತದ್ದು ಇಷ್ಟು: ಒಂದೇ ಮೊತ್ತವನ್ನು ಎರಡು ಸಲ ಮಾಡಬೇಕು, ಮೊದಲು ಮೇಲಿನಿಂದ ಕೆಳಕ್ಕೆ, ಆಮೇಲೆ ಕೆಳಗಿನಿಂದ ಮೇಲಕ್ಕೆ. ಒಂದೇ ದಿಕ್ಕಿನಲ್ಲಿ ಎರಡು ಸಲ ಮಾಡಿದರೆ ಮೊದಲು ಎಡವಿದಲ್ಲೇ ಎರಡನೇ ಸಲವೂ ಎಡವುತ್ತೇವೆ. ಭುಜ ನೋಯುತ್ತದೆ, ನೋಯಲಿ.

ದೊಡ್ಡ ಲೆಕ್ಕಗಳಿಗೆ ಕಂಪ್ಯೂಟರ್ ಇದ್ದದ್ದು ಕೆಳಗೆ ಕೊಯಮತ್ತೂರಿನಲ್ಲಿ. ಅಂಕಿಗಳನ್ನು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತುಗಳಾಗಿ ಹೊಡೆಸಿ, ಕಟ್ಟು ಕಟ್ಟಿ, ಬಸ್ಸಿನಲ್ಲಿ ಒಯ್ಯಬೇಕು. ಊಟಿಯ ಮಂಜಿಗೆ ಈ ಕಾರ್ಡುಗಳು ಮೆತ್ತಗಾಗಿ ಉಬ್ಬುತ್ತಿದ್ದವು. ಉಬ್ಬಿದ ಕಾರ್ಡು ಯಂತ್ರದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಾನು ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆ. ಕಾರ್ಡುಗಳಿಗೆ ಹೊಗೆಯ ವಾಸನೆ ಹತ್ತಿತ್ತು, ಕೊಯಮತ್ತೂರಿನವರು ಮೂಗು ಮುರಿಯುತ್ತಿದ್ದರು, ಆದರೆ ಒಂದು ಕಾರ್ಡೂ ಸಿಕ್ಕಿಕೊಳ್ಳಲಿಲ್ಲ. ಇನ್ನೊಂದು ಉಪಾಯ: ಕಟ್ಟಿನ ಅಂಚಿನ ಮೇಲೆ ಪೆನ್ಸಿಲಿನಿಂದ ಒಂದು ಓರೆಗೆರೆ ಎಳೆದಿಡಬೇಕು. ಕಟ್ಟು ಕೈತಪ್ಪಿ ಚೆಲ್ಲಾಪಿಲ್ಲಿಯಾದರೂ ಗೆರೆ ಕೂಡಿಸಿ ಮತ್ತೆ ಜೋಡಿಸಬಹುದು. ಬಸ್ಸು ಕೂನೂರು ದಾಟಿ ಕೆಳಗಿಳಿಯುವ ತಿರುವುಗಳಲ್ಲಿ ಈ ಗೆರೆ ನನ್ನ ಮಾನ ಉಳಿಸಿದೆ.

ನನ್ನ ವಿಷಯ ಚಹಾ ಎಲೆ ಕೊಯ್ಯುವ ಕೈಗಳದ್ದು. ನನ್ನ ಹಟ್ಟಿ, ಅಂದರೆ ನಮ್ಮೂರು, ಕೋಟಗಿರಿ ಕಡೆಯ ಕೂಕಲ್ತೊರೈ ಹತ್ತಿರ. ಅಲ್ಲಿನ ಹಟ್ಟಿಗಳ ಸಣ್ಣ ರೈತರು ದಿನಕ್ಕೆ ಎಷ್ಟು ಎಲೆ ಕೊಯ್ಯುತ್ತಾರೆ, ದೊಡ್ಡ ಎಸ್ಟೇಟುಗಳಲ್ಲಿ ಎಷ್ಟು ಕೊಯ್ಯುತ್ತಾರೆ, ಎರಡನ್ನೂ ಹೋಲಿಸಬೇಕಿತ್ತು. ಮನೆಮನೆಗೆ ನಡೆದು ಅಂಕಿ ಕೂಡಿಹಾಕಿದವಳು ನಾನು. ಆ ರೈತರಲ್ಲಿ ಒಬ್ಬಳು ನನ್ನ ಅವ್ವೆ. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಂಡವಳು ಅವಳೇ. ನನ್ನನ್ನು ಕಾಲೇಜಿಗೆ ಕಳಿಸಿದ್ದೂ ಅವಳ ಬುಟ್ಟಿಯೇ.

ನಮ್ಮ ಹಟ್ಟಿಯಲ್ಲಿ ಸೋಮವಾರ ಯಾರೂ ನೇಗಿಲು ಹೂಡುವುದಿಲ್ಲ, ಗುದ್ದಲಿ ಹಿಡಿಯುವುದಿಲ್ಲ, ಎಲೆ ಕೊಯ್ಯುವುದಿಲ್ಲ. ಹಿರಿಯರ ಕಾಲದಿಂದ ಬಂದ ಕಟ್ಟು ಅದು. ಚಿಕ್ಕಂದಿನಲ್ಲಿ ನಾನು ಯಾಕೆಂದು ಕೇಳಿದ್ದಕ್ಕೆ ಅವ್ವೆ, "ಸೋವಾರ ಗಿಡವೂ ಒರಗಲಿ, ಕೂಸು" ಅಂದಿದ್ದಳು. ಗಿಡಕ್ಕೂ ಒಂದು ದಿನ ನಿದ್ದೆ ಬೇಡವೇ ಎಂದು. ಬದಲಿಗೆ ಭಾನುವಾರ ಇಡೀ ಹಟ್ಟಿ ತೋಟದಲ್ಲಿರುತ್ತಿತ್ತು. ನಮ್ಮ ಎಲೆ ತೆಗೆದುಕೊಳ್ಳುವ ಫ್ಯಾಕ್ಟರಿಯೂ ಭಾನುವಾರ ತೆರೆದಿರುತ್ತಿತ್ತು. ಎಸ್ಟೇಟಿನವರದ್ದು ತದ್ವಿರುದ್ಧ, ಅವರಿಗೆ ಭಾನುವಾರ ರಜೆ.

ನನ್ನ ಗೈಡು ಮೈಸೂರು ಕಡೆಯವರು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದಂಥ ಮಾತು. ಕಾರ್ಡಿನ ನಮೂನೆ ಹಾಕಿಕೊಟ್ಟವರು ಅವರೇ: ಒಬ್ಬ ರೈತನ ಒಂದು ವಾರಕ್ಕೆ ಒಂದು ಕಾರ್ಡು, ಸೋಮವಾರದಿಂದ ಶನಿವಾರಕ್ಕೆ ಆರು ಕಾಲಂ. ಭಾನುವಾರಕ್ಕೆ ಜಾಗವೇ ಇಲ್ಲ. ನಾನು ಅವತ್ತೇ ಹೇಳಿದೆ.

"ಸರ್, ನಮ್ಮ ಹಟ್ಟಿಗಳಲ್ಲಿ ಭಾನುವಾರ ಕೆಲಸ ಇದೆ. ಸೋಮವಾರ ಇಲ್ಲ."

"ಭಾನುವಾರ ಇಡೀ ಪ್ರಪಂಚಕ್ಕೆ ರಜಾ ಕಣಮ್ಮ" ಅಂದರು, ತಲೆ ಎತ್ತದೆ. "ಒಂದೊಂದು ಹಳ್ಳಿಗೆ ಒಂದೊಂದು ನಮೂನೆ ಮಾಡ್ತಾ ಕೂತ್ರೆ ಸಂಶೋಧನೆ ಆದ ಹಾಗೇ."

ಕಾರ್ಡಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಇತ್ತು. ಇಲ್ಲದ್ದು ಅವರ ಕಿವಿಯಲ್ಲಿ. ಸರಿ, ನಮ್ಮ ರೈತರ ಸೋಮವಾರದ ಜಾಗವನ್ನು ತೂತಿಲ್ಲದೆ ಖಾಲಿ ಬಿಡಿಸಿದೆ. ಕೆಲಸವೇ ಇಲ್ಲದ ದಿನಕ್ಕೆ ಅಂಕಿ ಎಲ್ಲಿಂದ ತರುವುದು?

ಕೊಯಮತ್ತೂರಿನಿಂದ ಫಲಿತಾಂಶ ಬಂತು. ಉದ್ದನೆಯ ಕಾಗದದಲ್ಲಿ ನಮ್ಮ ಹಟ್ಟಿಗಳ ಸರಾಸರಿ ಎಸ್ಟೇಟಿನ ಸರಾಸರಿಗಿಂತ ಬಹಳ ಕೆಳಗೆ ಬಿದ್ದಿತ್ತು. ಗೈಡಿಗೆ ಖುಷಿಯೋ ಖುಷಿ. ತೀರ್ಮಾನದ ಅಧ್ಯಾಯಕ್ಕೆಂದು ಅವರೇ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದುಕೊಟ್ಟರು: ಬೆಟ್ಟದ ಸಣ್ಣ ರೈತರು ಸ್ವಭಾವದಿಂದಲೇ ಸೋಮಾರಿಗಳು, ಅವರ ತೋಟಗಳನ್ನು ಎಸ್ಟೇಟುಗಳ ಉಸ್ತುವಾರಿಗೆ ಒಪ್ಪಿಸುವುದು ಲೇಸು.

ಓದಿ ನನ್ನ ಮೈಯೆಲ್ಲ ಉರಿಯಿತು. ಅವ್ವೆಯ ಬೆರಳು ನೋಡಿದ್ದೀರಾ ನೀವು? ಚಹಾದ ಸೊನೆ ಹತ್ತಿ ಹತ್ತಿ ತುದಿಗಳು ಕಪ್ಪಾಗಿದ್ದವು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ಸೋಮಾರಿ, ಅದನ್ನು ಹೇಳುವವಳು ಅವಳ ಮಗಳು, ಅದಕ್ಕಾಗಿ ಮಗಳಿಗೊಂದು ಪದವಿ.

ಅವಳ ಕಾರ್ಡುಗಳನ್ನೇ ತೆಗೆದುಕೊಂಡು ಕೈಯಂತ್ರದ ಮುಂದೆ ಕುಳಿತೆ. ಮಂಗಳವಾರದಿಂದ ಶನಿವಾರದವರೆಗೆ ಐದು ದಿನದ ಎಲೆ ಕೂಡಿ ಐದರಿಂದ ಭಾಗಿಸಿದರೆ ಒಂದು ಉತ್ತರ. ಕಂಪ್ಯೂಟರಿನ ಉತ್ತರ ಬೇರೆ. ಆರರಿಂದ ಭಾಗಿಸಿದೆ. ಕಂಪ್ಯೂಟರಿನ ಉತ್ತರ ಹಾಗೇ ಬಂತು. ಆ ಯಂತ್ರ ಖಾಲಿ ಜಾಗವನ್ನು ಸೊನ್ನೆ ಎಂದು ಓದಿಕೊಂಡಿತ್ತು. ಅಂದರೆ ಅವ್ವೆ ಸೋಮವಾರ ದಿನವಿಡೀ ತೋಟದಲ್ಲಿ ನಿಂತು ಒಂದೂ ಎಲೆ ಕೊಯ್ಯಲಿಲ್ಲ ಎಂದು ಲೆಕ್ಕ. ಇತ್ತ ಭಾನುವಾರ ಅವಳು ಬೆನ್ನು ಬಗ್ಗಿಸಿ ಹೊತ್ತ ಬುಟ್ಟಿ ಯಾವ ಲೆಕ್ಕಕ್ಕೂ ಇಲ್ಲ. ಅದಕ್ಕೇ ಹೇಳುವುದು ಮಕ್ಕಳೇ: ಇಲ್ಲದ ಅಂಕಿಗೆ ಯಾವ ಗುರುತು ಹಾಕಬೇಕೆಂದು ಯಂತ್ರಕ್ಕೆ ಕೊಡುವ ಮೊದಲೇ ತೀರ್ಮಾನಿಸಿ, ಆ ಗುರುತನ್ನು ಎಲ್ಲಿ ಹೇಗೆ ಓದಬೇಕೆಂದು ಯಂತ್ರಕ್ಕೂ ಹೇಳಿ. ನಿಮ್ಮ ಈಗಿನ ಯಂತ್ರಗಳೂ ಇಂಥ ವಿಷಯದಲ್ಲಿ ಅಷ್ಟೇನೂ ಜಾಣವಲ್ಲ.

ನಾನು ಎಲ್ಲವನ್ನೂ ಮತ್ತೆ ಮಾಡಿದೆ. ಮನೆಮನೆಗೆ ನಡೆದಾಗ ಬರೆದುಕೊಂಡ ಭಾನುವಾರದ ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲಿ ಇದ್ದೇ ಇದ್ದವು. ಏಳು ದಿನ, ಏಳು ಕಾಲಂ, ಕೆಲಸ ಮಾಡಿದ ದಿನಗಳಿಂದಷ್ಟೇ ಭಾಗಾಕಾರ, ಎಸ್ಟೇಟಿಗೂ ಹಟ್ಟಿಗೂ ಒಂದೇ ನಿಯಮ. ಒಂದು ಮಳೆಗಾಲ ಪೂರ್ತಿ ಆ ಹಿಡಿ ತಿರುಗಿಸಿದೆ. ಕೊನೆಗೆ ಹಟ್ಟಿಗಳಿಗೂ ಎಸ್ಟೇಟುಗಳಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯಲಿಲ್ಲ.

ಊಟಿ ಮಾರ್ಕೆಟ್ಟಿನ ಹಿಂದಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಯಜಮಾನರು ನನ್ನ ಕೋಷ್ಟಕ ನೋಡಿ ತಲೆ ಮೇಲೆ ಕೈ ಹೊತ್ತರು. "ಇನ್ನೊರು ಕಾಲಮಾ? ಪೇಪರ್ ಪತ್ತಾದಮ್ಮಾ" ಅಂದರು. ಕಾಗದ ಸಾಲದಂತೆ. ಕಾಗದವನ್ನು ಅಡ್ಡಲಾಗಿ ತಿರುಗಿಸಿ ಹಾಕಿ ಅಂದೆ. ಕೋಷ್ಟಕ ಟೈಪ್ ಮಾಡಿಸುವ ಮೊದಲು ಪ್ರತಿ ಕಾಲಮಿನ ಅಗಲವನ್ನು ಅಕ್ಷರ ಎಣಿಸಿ ಗೊತ್ತುಮಾಡಿಕೊಳ್ಳಬೇಕು, ನಡುವೆ ತಿದ್ದಿದರೆ ಕೆಳಗಿನ ಕಾರ್ಬನ್ ಪ್ರತಿಗಳೆಲ್ಲ ಮಸಿಯಾಗುತ್ತವೆ. ಗಣಿತದ ಚಿಹ್ನೆಗಳು ಟೈಪ್‌ರೈಟರಿನಲ್ಲಿ ಇರಲಿಲ್ಲ. ಜಾಗ ಬಿಡಿಸಿಕೊಂಡು, ಆಮೇಲೆ ಪ್ರತಿ ಪ್ರತಿಯಲ್ಲೂ ಕಪ್ಪು ಇಂಕಿನಿಂದ ನಾನೇ ಬರೆದೆ. ಏಳನೆಯ ಕಾಲಂ ಅಚ್ಚುಕಟ್ಟಾಗಿ ಬಂತು.

ಹಾಳೆಗಳ ಕಟ್ಟನ್ನು ಗೈಡಿನ ಮೇಜಿನ ಮೇಲಿಟ್ಟೆ. ಅವರು ಕೋಷ್ಟಕಗಳನ್ನು ನಿಧಾನವಾಗಿ ನೋಡಿದರು. ತಪ್ಪು ಹುಡುಕಿದರು, ಸಿಗಲಿಲ್ಲ. ಆಮೇಲೆ ಕೊನೆಯ ಅಧ್ಯಾಯ ತೆರೆದು, "ಆ ವಾಕ್ಯ ಎಲ್ಲಿ?" ಅಂದರು.

"ತೆಗೆದಿದ್ದೀನಿ ಸರ್. ಲೆಕ್ಕ ಅದನ್ನು ಹೇಳ್ತಿಲ್ಲ."

"ನೋಡಮ್ಮ, ಕಾಲಂ ಇಟ್ಕೋ, ನನ್ನದೇನೂ ಅಡ್ಡಿ ಇಲ್ಲ. ವಾಕ್ಯ ಮಾತ್ರ ವಾಪಸ್ ಹಾಕು. ಅದನ್ನ ನಾನು ಆಗಲೇ ಎಸ್ಟೇಟಿನ ದೊಡ್ಡವರ ಸಭೆಯಲ್ಲಿ ಓದಿಬಿಟ್ಟಿದ್ದೀನಿ." ಪೆನ್ನಿನ ಮುಚ್ಚಳ ತೆಗೆದು, ಮೊನೆಯನ್ನು ಸಹಿಯ ಜಾಗಕ್ಕೆ ತಂದಿಟ್ಟರು. "ಒಂದೇ ಒಂದು ವಾಕ್ಯ. ನಾಳೆ ಇದು ಲೈಬ್ರರಿ ಕಪಾಟಿಗೆ ಹೋಗುತ್ತೆ. ನಿಮ್ಮ ಹಟ್ಟಿಯಲ್ಲಿ ಇದನ್ನ ಓದೋರು ಯಾರಿದ್ದಾರೆ?"

"ನಾನಿದ್ದೀನಿ ಸರ್."

"ಹಾಗಾದ್ರೆ ಸಹಿ ಇಲ್ಲ."

"ಬೇಡ ಸರ್" ಅಂದೆ. ಪೆನ್ನಿನ ಅಡಿಯಿಂದ ಹಾಳೆಗಳನ್ನು ಎಳೆದುಕೊಂಡೆ. ಹೊರಗೆ ಬಂದು ಕಾರಿಡಾರಿನಲ್ಲಿ ಹಾಳೆಗಳನ್ನು ಮತ್ತೆ ಸಾಲಾಗಿ ಜೋಡಿಸಿ, ದಾರ ಕಟ್ಟಿ, ಕೋಟಗಿರಿ ಬಸ್ಸು ಹತ್ತಿದೆ.

ಆ ಪದವಿ ನನಗೆ ಬರಲಿಲ್ಲ. ಬೇರೆ ಗೈಡು ಕೊಡಿ ಎಂದು ಕೇಳಿದೆ, ಯಾರೂ ಮುಂದೆ ಬರಲಿಲ್ಲ. ಕ್ಷಮೆ ಕೇಳಿದರೆ ನೋಡೋಣ ಎಂದು ಹೇಳಿ ಕಳಿಸಿದರು, ಜಪ್ಪಯ್ಯ ಅಂದರೂ ನಾನು ಕ್ಷಮೆ ಕೇಳಲಿಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಬದುಕಿದೆ, ಚೆನ್ನಾಗಿಯೇ ಬದುಕಿದೆ. ಯಾರಾದರೂ ಅಯ್ಯೋ ಪಾಪ ಎಂದರೆ ಈಗಲೂ ಅವರನ್ನು ಅಲ್ಲೇ ನಿಲ್ಲಿಸುತ್ತೇನೆ. ಪಾಪ ಅನ್ನಿಸಿಕೊಳ್ಳುವಂಥದ್ದು ನನಗೇನೂ ಆಗಿಲ್ಲ.

ಹಾಳೆಗಳನ್ನು ಎಳೆದುಕೊಂಡು ಬಂದ ಆ ಸಂಜೆ ಮನೆ ತಲುಪಿದಾಗ ಅವ್ವೆ ಬುಟ್ಟಿ ಇಳಿಸುತ್ತಿದ್ದಳು. "ಪಾಸಾ?" ಎಂದು ಕೇಳಿದಳು.

"ಇಲ್ಲೆ, ಅವ್ವೆ."

ಅವಳ ಮುಖ ಬಾಡಿತು. ಊರಿಗೆಲ್ಲ ಹೇಳಿಕೊಂಡಿದ್ದಳು ಪಾಪ, ಮಗಳ ದೊಡ್ಡ ಓದಿನ ಬಗ್ಗೆ. ಅವಳ ಪಕ್ಕದಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಗೈಡು ಬರೆದ ವಾಕ್ಯವನ್ನು ನಮ್ಮ ಮಾತಿನಲ್ಲಿ, ಒಂದು ಪದವೂ ಬಿಡದೆ ಹೇಳಿದೆ. ಅವಳು ತನ್ನ ಬೆರಳುಗಳನ್ನು ಮಡಿಲಲ್ಲಿ ತಿರುವಿ ನೋಡಿಕೊಂಡಳು.

"ಆ ಮಾತುಗ ನಿನ್ನ ಹೆಸರು ಹಾಕಿದೆಯಾ?" ಎಂದು ಕೇಳಿದಳು.

"ಇಲ್ಲೆ."

"ಒಳ್ಳಿತ್ತು" ಅಂದಳು ಅವ್ವೆ.