ಮುಳ್ಳು ಮುಟ್ಟಿದ ಮೇಲೆ ಅರವತ್ತೆರಡು ಕಿಲೋಮೀಟರ್

ನನ್ನ ಅಕ್ಕನ ಗಂಡನಿಗೆ ಕಚೇರಿಯಲ್ಲಿ ‘ಇನ್ನೂ ಹೋಗತ್ತೆ ಸಾರ್’ ಎಂದೇ ಹೆಸರು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಭಾವ ಸ್ವಂತ ಬುದ್ಧಿಯಿಂದ ಮಾಡಿದ ಸಂಶೋಧನೆ ಒಂದೇ ಒಂದು: ಪೆಟ್ರೋಲ್ ಮುಳ್ಳು ಖಾಲಿ ಗೆರೆಯನ್ನು ಮುಟ್ಟಿದ ಮೇಲೆ ಕಾರು ಎಷ್ಟು ದೂರ ಹೋಗುತ್ತದೆ ಎನ್ನುವುದು.

ಅವರ ಹಳೆಯ ಬಿಳಿ ಕಾರು ಅರವತ್ತೆರಡು ಕಿಲೋಮೀಟರ್ ಹೋಗುತ್ತಿತ್ತು. ಒಂದು ಸಲವಲ್ಲ, ಪ್ರತಿ ಸಲ. ತಾರೀಕು, ಮೀಟರಿನ ಅಂಕಿ ಎಲ್ಲವನ್ನೂ ಒಂದು ರಟ್ಟಿನ ಕಾರ್ಡಿನಲ್ಲಿ ಬರೆದು ಸ್ಟೀರಿಂಗ್ ಪಕ್ಕ ಸಿಕ್ಕಿಸಿಟ್ಟಿದ್ದರು. ಅರವತ್ತೆರಡು ಆದೊಡನೆ ಒಂದಿಷ್ಟು ಪೆಟ್ರೋಲ್ ಹಾಕಿಸುವರು, ಮುಳ್ಳು ಮತ್ತೆ ಇಳಿಯುವುದನ್ನೇ ಕಾಯುವರು. ಟ್ಯಾಂಕ್ ತುಂಬಿಸಿದರೆ ಕಾರಿಗೆ ಭಾರವಂತೆ.

ಅವರ ಮಾತು ಕಟ್ಟಿಕೊಂಡು ಸಹೋದ್ಯೋಗಿಯೊಬ್ಬ ಅತ್ತೆಯನ್ನು ಕೂರಿಸಿಕೊಂಡು ಹೊರಟು ಸೇತುವೆಯ ನಟ್ಟನಡುವೆ ನಿಂತುಬಿಟ್ಟ. ಮರುದಿನ ಅವನು ಕೂಗಾಡಿದರೆ ಭಾವ ಚಹಾ ಹೀರುತ್ತಾ, “ಕಾರಿಗೆ ಅಭ್ಯಾಸ ಮಾಡಿಸ್ಬೇಕಪ್ಪಾ. ನಿನ್ನ ಕಾರನ್ನ ಮುದ್ದು ಮಾಡಿ ಕೆಡಿಸಿದ್ದೀಯ,” ಎಂದರಂತೆ.

ಕಾರಿಗೆ ಅಭ್ಯಾಸ ಮಾಡಿಸಿದ್ದು ನನ್ನ ಅಕ್ಕ. ಅವಳು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದಾಳೆ. ಹನ್ನೊಂದು ವರ್ಷದಿಂದ ನಾಜಲ್ ಹಿಡಿದು ನಿಂತವಳು. ಬೆಳಿಗ್ಗೆ ಐದೂವರೆಗೆ ಮನೆ ಬಿಡುವ ಮೊದಲು ಅಡುಗೆ ಮುಗಿಸಿ, ಮೂರು ಡಬ್ಬಿ ಕಟ್ಟಿ, ಭಾವನ ಅಂಗಿಗೆ ಇಸ್ತ್ರಿ ಹಾಕಿ, ಬಾಗಿಲ ಮುಂದೆ ನಿಂತ ಕಾರಿನ ಮುಳ್ಳನ್ನು ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು. ಮುಳ್ಳು ಗೆರೆ ಮುಟ್ಟಿದ್ದರೆ, ಹಿಂದಿನ ದಿನ ಬಂಕಿನಿಂದ ತಂದಿಟ್ಟ ಕ್ಯಾನಿನಿಂದ ಎರಡು ಲೀಟರ್ ಸುರಿದು ಹೋಗುತ್ತಿದ್ದಳು. ಆ ಕಾರಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗವಿರಲಿಲ್ಲ. ಎರಡು ಲೀಟರಿಗೆ ಮುಳ್ಳು ಮಿಸುಕುವುದೂ ಇಲ್ಲ.

ಇದು ಶುರುವಾದದ್ದು ಮಗಳಿಗೆ ಹನ್ನೊಂದು ತಿಂಗಳಿದ್ದಾಗ. ಮಗುವಿನ ಮೈ ಕಾದ ಹೆಂಚಿನಂತಾಗಿತ್ತು, ಆಸ್ಪತ್ರೆಗೆ ಹೊರಟ ಕಾರು ಅರ್ಧ ದಾರಿಯಲ್ಲಿ ಉಸಿರುಬಿಟ್ಟಿತು. ಸ್ಟೀರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಭಾವ ಹಿಡಿದರು. ಅಕ್ಕ ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಸೆರಗು ಸಿಕ್ಕಿಸಿ, ಆಸ್ಪತ್ರೆಯ ಗೇಟಿನವರೆಗೆ ತಳ್ಳಿದಳು. ಮಾರನೆಯ ವಾರ ಕ್ಯಾನ್ ಕೊಂಡಳು.

“ಹೇಳಬಾರದೇನೇ ಅವರಿಗೆ?” ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ.

“ಹೇಳಿದ್ರೆ ಒಂದು ಗಂಟೆ ಪಾಠ ಕೇಳ್ಬೇಕು. ಸುರಿದ್ರೆ ಎರಡು ನಿಮಿಷ.”

ಒಮ್ಮೆ ಹೇಳಿಯೂ ನೋಡಿದ್ದಳು. ಮುಳ್ಳು ಮುಟ್ಟಿದ ಮೇಲೆ ಎಷ್ಟು ಉಳಿದಿರುತ್ತದೆ ಅನ್ನುವುದು ಕಾರಿಂದ ಕಾರಿಗೆ ಬೇರೆ, ರಸ್ತೆ ಏರಿದ್ದರೆ ಬೇರೆ, ದಿನಾ ಹೀಗೆ ಒಣಗಿಸಿದರೆ ಒಳಗಿನ ಪಂಪು ಹಾಳಾಗುತ್ತದೆ ಎಂದು. ಭಾವ ನಕ್ಕರು. “ನಾಜಲ್ ಹಿಡಿಯೋರಿಗೂ ಗಾಡಿ ಓಡ್ಸೋರಿಗೂ ವ್ಯತ್ಯಾಸ ಇದೆ ಕಣೇ.”

ಈ ವರ್ಷ ಅಕ್ಕನನ್ನು ಪಾಳಿ ಮೇಲ್ವಿಚಾರಕಿಯ ತರಬೇತಿಗೆ ಆರಿಸಿದರು. ಆರು ದಿನ, ಅಲ್ಲೇ ವಾಸ. ಸೋಮವಾರ ಒಂಬತ್ತು ಗಂಟೆಯೊಳಗೆ ಹೋಗಿ ಸಹಿ ಹಾಕಬೇಕು. ತಡವಾದರೆ ವಾಪಸ್ಸು, ಜಾಗ ಪಟ್ಟಿಯಲ್ಲಿ ಮುಂದಿನವನಿಗೆ. ಆ ಮುಂದಿನವನಿಗೆ ಕೆಲಸ ಕಲಿಸಿದ್ದೇ ಅಕ್ಕ.

“ಪೆಟ್ರೋಲ್ ಹಾಕೋದ್ರಲ್ಲಿ ಮೇಲ್ವಿಚಾರಣೆ ಏನಿರತ್ತೆ?” ಎಂದರು ಭಾವ. ಆಮೇಲೆ ಉದಾರವಾಗಿ, “ಹೋಗಿ ಬಾ. ಮನೆ ಏನು, ತಾನಾಗೇ ನಡೆಯತ್ತೆ,” ಎಂದರು. ಮನೆ ತಾನಾಗೇ ನಡೆಯಲೆಂದು ನಾನು ಆರು ದಿನ ರಜೆ ಹಾಕಿ ಶನಿವಾರವೇ ಬಂದಿಳಿದೆ.

ಅಕ್ಕ ಬಸ್ಸಿನಲ್ಲಿ ಹೋಗುತ್ತೇನೆಂದಳು. ಭಾವ ಬಿಡಲಿಲ್ಲ. ತರಬೇತಿ ಕೇಂದ್ರದಲ್ಲಿ ದೊಡ್ಡ ದೊಡ್ಡ ಇಂಜಿನಿಯರುಗಳಿರುತ್ತಾರೆ, ಅವರಿಗೆ ತಮ್ಮ ಕಾರ್ಡನ್ನು ತೋರಿಸಬೇಕು. ಅದಕ್ಕಾಗಿ ಅರ್ಧ ದಿನ ರಜೆ ಹಾಕಿದ್ದರು. ಮಗಳಿಗೆ ಜ್ವರ ಬಂದಾಗಲೂ ಹಾಕದ ರಜೆ.

ಸೋಮವಾರ ಬೆಳಿಗ್ಗೆ ಕಾರು ಹತ್ತುವ ಮೊದಲು ಅಕ್ಕ ಮುಳ್ಳು ನೋಡಿದಳು. ಶನಿವಾರವೇ ಮುಟ್ಟಿತ್ತು.

“ರೀ, ಎರಡು ದಿನದಿಂದ ನಾನು ಬಂಕಿಗೆ ಹೋಗಿಲ್ಲ. ದಾರೀಲಿ ನಿಲ್ಲಿಸಿ ಹಾಕಿಸ್ಬಿಡಿ.”

“ನೀನು ಹೋಗದಿದ್ರೆ ನನ್ನ ಕಾರಿಗೇನಾಗ್ಬೇಕು?”

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಒಂಬತ್ತು ವರ್ಷದ ಮಗಳು, “ಅಪ್ಪಾ, ಅಮ್ಮ ಕ್ಯಾನಿಂದ ಹಾಕಿಲ್ಲ ಈ ಸಲ,” ಎಂದಳು.

“ದೊಡ್ಡೋರ ಮಧ್ಯೆ ಬಾಯಿ ಹಾಕ್ಬೇಡ.”

ಮೊದಲ ಬಂಕ್ ಬಂತು. ಅಕ್ಕ ಕೈ ತೋರಿಸಿದಳು. “ಇನ್ನೂ ಹೋಗತ್ತೆ.” ಎರಡನೆಯ ಬಂಕ್ ಬಂತು. “ಇಂಜಿನಿಯರುಗಳಿಗೆ ತೋರ್ಸೋಕೆ ಹೋಗ್ತಿದ್ದೀವಿ, ಟ್ಯಾಂಕ್ ತುಂಬಿಸ್ಕೊಂಡು ಹೋದ್ರೆ ಕಾರ್ಡಿಗೇನು ಬೆಲೆ?” ಅಕ್ಕ ಕೈಗಡಿಯಾರ ನೋಡಿಕೊಂಡಳು.

ಎಂಟೂಕಾಲಿಗೆ ಮೇಲ್ಸೇತುವೆಯ ಏರಿನಲ್ಲಿ ಕಾರು ಎರಡು ಸಲ ಬಿಕ್ಕಿತು, ಮೂರನೆಯ ಸಲ ಸುಮ್ಮನಾಯಿತು. ಇನ್ನೂ ಎಂಟು ಕಿಲೋಮೀಟರ್ ಬಾಕಿ. ಹಿಂದಿನ ಗಾಡಿಗಳೆಲ್ಲ ಹಾರನ್ ಬಾರಿಸತೊಡಗಿದವು.

ಭಾವ ಹ್ಯಾಂಡ್‌ಬ್ರೇಕ್ ಎಳೆದು ಮೀಟರಿಗೆ ಬೆರಳಿನಿಂದ ಬಡಿದರು. “ಏನೋ ಸಿಕ್ಕಿಹಾಕ್ಕೊಂಡಿದೆ. ಇಳಿದು ಸ್ವಲ್ಪ ತಳ್ಳು. ಏರು ದಾಟಿದ್ರೆ ಹೋಗತ್ತೆ.”

ಅಕ್ಕ ಇಳಿದಳು. ಹಿಂದಕ್ಕೆ ಬಂದಳು. ಭಾವ ಹ್ಯಾಂಡ್‌ಬ್ರೇಕ್ ಬಿಟ್ಟು ಕಾಲಿನ ಬ್ರೇಕ್ ಒತ್ತಿ ಹಿಡಿದು, ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ಕಾದರು. ಡಿಕ್ಕಿ ತೆರೆದ ಸದ್ದು. ಮುಚ್ಚಿದ ಸದ್ದು.

“ತಳ್ಳೇ! ಏನು ಮಾಡ್ತಿದ್ದೀಯ?”

ಅಕ್ಕ ಚೀಲವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ಕೈ ಎತ್ತಿ ನಿಂತಿದ್ದಳು. ಅವಳ ಬಂಕಿಗೆ ಮಾಲು ಇಳಿಸುವ ಟ್ಯಾಂಕರೊಂದು ಬಂದು ನಿಂತಿತು. ಚಾಲಕ ತಲೆ ಹೊರಹಾಕಿ, “ಇದೇನಕ್ಕಾ, ಇವತ್ತು ರಸ್ತೆ ಮೇಲೆ ಡ್ಯೂಟಿನಾ?” ಎಂದ.

“ತರಬೇತಿ ಕೇಂದ್ರಕ್ಕೆ ಬಿಡಪ್ಪಾ. ಒಂಬತ್ತಕ್ಕೆ ಸಹಿ ಹಾಕ್ಬೇಕು.”

“ನಮ್ಮ ಪೆಟ್ರೋಲ್ ಡಿಪೋ ಪಕ್ಕದಲ್ಲೇ ಅಲ್ವಾ? ಅಲ್ಲಿಗೇ ಹೊರಟಿದ್ದೀನಿ. ಹತ್ತಿ.”

ಭಾವ ಕಿಟಕಿಯಿಂದ ಕೂಗಿದರು. “ಏ, ಒಂದೆರಡು ಲೀಟರ್ ಇದ್ರೆ ಕೊಡಯ್ಯಾ!”

“ಟ್ಯಾಂಕರ್ ಖಾಲಿ ಸಾರ್. ಮಾಲು ಇಳಿಸಿ ಬರ್ತಿದ್ದೀನಿ.”

“ಖಾಲಿ ಗಾಡೀಲಿ ಹೆಂಗೆ ಹೋಗ್ತೀಯ?”

“ನನ್ನ ಡೀಸೆಲ್ ಬೇರೆ ಟ್ಯಾಂಕಲ್ಲಿರತ್ತೆ ಸಾರ್. ಬೆಳಿಗ್ಗೆನೇ ತುಂಬಿಸ್ತೀನಿ,” ಎಂದ ಅವನು, ಚಿಕ್ಕ ಮಗುವಿಗೆ ಹೇಳುವ ಹಾಗೆ.

ಅಕ್ಕ ಹತ್ತಿ ಕೂತಳು. ಮಗಳಿಗೆ ಕೈ ಬೀಸಿದಳು, ಅಷ್ಟೇ.

ಭಾವ ನನ್ನತ್ತ ತಿರುಗಿದರು. “ನೀನಾದ್ರೂ ಇಳಿದು ತಳ್ಳಮ್ಮಾ.”

“ನಾನು ಮನೆ ನಡೆಸೋಕೆ ಬಂದಿದ್ದೀನಿ ಭಾವ, ಕಾರಲ್ಲ,” ಎಂದು ನಾನು ಮಗುವಿನ ಕೈ ಹಿಡಿದು ಬಸ್ ನಿಲ್ದಾಣದ ಕಡೆಗೆ ಇಳಿದೆ. ತಿರುಗಿ ನೋಡಿದಾಗ, ಒಂದು ಕೈ ಕಿಟಕಿಯೊಳಗೆ ತೂರಿಸಿ ಸ್ಟೀರಿಂಗ್ ಹಿಡಿದು, ಭುಜ ಕೊಟ್ಟು ಭಾವ ಒಬ್ಬರೇ ತಳ್ಳುತ್ತಿದ್ದರು. ಸ್ಟೀರಿಂಗ್ ಹಿಡಿದವರೂ ತಳ್ಳಬಹುದು ಎಂಬುದು ಅವರ ಎರಡನೆಯ ಸಂಶೋಧನೆ. ಇದನ್ನು ಅವರು ಯಾವ ಕಾರ್ಡಿನಲ್ಲೂ ಬರೆಯಲಿಲ್ಲ.

ಅಕ್ಕ ಎಂಟು ಐವತ್ತಕ್ಕೆ ಸಹಿ ಹಾಕಿದಳು. ಆರು ದಿನ ಮನೆ ತಾನಾಗೇ ನಡೆಯಿತು, ನನ್ನ ಸೊಂಟ ಮುರಿಯಿತು. ಶನಿವಾರ ಸಂಜೆ ಅವಳು ಪ್ರಮಾಣಪತ್ರ ಹಿಡಿದು ಬಂದಾಗ ಭಾವ ಬಾಗಿಲಲ್ಲೇ ಕಾದಿದ್ದರು. ಅಭಿನಂದಿಸಲು ಅಲ್ಲ.

“ಕಳ್ಳ ಸಿಕ್ಕಿಲ್ಲ, ಆದ್ರೆ ಕಳ್ಳತನ ಸಿಕ್ತು,” ಎಂದು ಕಾರ್ಡ್ ಮುಂದೆ ಹಿಡಿದರು. “ನೋಡು, ಯಾವಾಗ್ಲೂ ಅರವತ್ತೆರಡು. ಅವತ್ತು ಮೂವತ್ತೊಂದು. ಅರ್ಧಕ್ಕರ್ಧ! ಯಾರೋ ನಮ್ಮ ಬಾಗಿಲಿಗೇ ಬಂದು ಪೆಟ್ರೋಲ್ ಕದೀತಿದ್ದಾರೆ.”

ಮಗಳು ಬಾಯಿ ತೆರೆದಳು. ಅಕ್ಕ ಅವಳ ತಲೆ ಸವರಿದಳು.

ಭಾವ ಅಕ್ಕನನ್ನು ಕಾರಿನ ಬಳಿಗೆ ಕರೆದೊಯ್ದು ತೋರಿಸಿದರು. ಟ್ಯಾಂಕಿಗೆ ಹೊಸ ಮುಚ್ಚಳ, ಅದಕ್ಕೆ ಗಟ್ಟಿ ಬೀಗ. “ಇನ್ಮೇಲೆ ಯಾರು ಮುಟ್ತಾರೋ ನೋಡೋಣ. ಎರಡು ಕೀಲಿ ಇದೆ. ಒಂದು ನಿನ್ನ ಹತ್ರ ಇಟ್ಕೋ.”

ಅಕ್ಕ ಬೀಗವನ್ನು ಒಮ್ಮೆ ಜಗ್ಗಿ ನೋಡಿದಳು. ಮೇಲ್ವಿಚಾರಕಿಯ ಕಣ್ಣಿನಿಂದಲೇ ನೋಡಿದಳು ಎನ್ನಬೇಕು.

“ಚೆನ್ನಾಗಿದೆ,” ಎಂದಳು. “ಎರಡೂ ನೀವೇ ಇಟ್ಕೊಳ್ಳಿ.”